ಲಾರಿಯ ಎಂಜಿನ್ನನ್ನು ತೊಳೆಯುವ ಮುನ್ನ

ಆಯುಧಪೂಜೆ ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಲಾರಿಗಳಿಗೆಲ್ಲ ಮಜ್ಜನ. ಹೊರಮೈಯನ್ನು ತೊಳೆಯುವುದು ಸುಲಭ. ಎಂಜಿನ್ನಿನ ಗೂಡನ್ನು ತೊಳೆಯುವುದು ಬೇರೆಯೇ ಕೆಲಸ. ಎಣ್ಣೆಯೂ ಧೂಳೂ ಕೂಡಿ ಗಟ್ಟಿಯಾದ ಜಿಡ್ಡು ಎಣ್ಣೆ ಸೋರುವ ಸ್ಥಳವನ್ನು ಮರೆಮಾಡುತ್ತದೆ, ಬೆಂಕಿಗೂ ಆಹಾರವಾಗುತ್ತದೆ. ಆದುದರಿಂದ ಅದನ್ನು ತೆಗೆಯುವುದು ಅವಶ್ಯ. ಆದರೆ ಎಂಜಿನ್ನಿನ ಸದ್ದು ನಿಂತ ಮಾತ್ರಕ್ಕೆ ಅಲ್ಲಿರುವ ಶಕ್ತಿಯು ಇಲ್ಲವಾಗುವುದಿಲ್ಲ. ಉಷ್ಣ, ವಿದ್ಯುತ್ತು, ಇಂಧನ ಎಂಬ ಮೂರು ರೂಪಗಳಲ್ಲಿ ಅದು ಅಡಗಿರುತ್ತದೆ. ಇವನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಉಷ್ಣ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು, ನೀರು 100 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೂ ಕುದಿಯದಂತೆ ತಡೆಯುತ್ತದೆ. ಒಳಗೆ ಒಂದು ಲೀಟರು ನೀರು 110 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳೋಣ. ಮುಚ್ಚಳವನ್ನು ತೆಗೆದೊಡನೆ ಅದು 100 ಡಿಗ್ರಿಗೆ ಇಳಿಯಲೇಬೇಕು. ಇಳಿಯುವಾಗ ಸುಮಾರು 10,000 ಕ್ಯಾಲೊರಿ ಉಷ್ಣವು ಬಿಡುಗಡೆಯಾಗುತ್ತದೆ. ಒಂದು ಗ್ರಾಂ ನೀರನ್ನು ಆವಿಯಾಗಿಸಲು 540 ಕ್ಯಾಲೊರಿ ಸಾಕು. ಹೀಗೆ ಸುಮಾರು 18 ಗ್ರಾಂ ನೀರು ಥಟ್ಟನೆ ಆವಿಯಾಗಿ 30 ಲೀಟರಿನಷ್ಟು ಜಾಗವನ್ನು ಬೇಡುತ್ತದೆ. ಆ ಆವಿ ಕುದಿನೀರನ್ನೂ ಹೊತ್ತು ಮುಖಕ್ಕೆ ಚಿಮ್ಮಿದರೆ ಗತಿಯೇನು? ತೊಳೆಯುವುದಕ್ಕಾಗಿ ಈ ಮುಚ್ಚಳವನ್ನು ತೆಗೆಯಬೇಕಾದ ಅಗತ್ಯವೇ ಇಲ್ಲ. ಇನ್ನು ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರನ್ನು ಸುರಿದರೆ ಹೊರಪದರವು ಕುಗ್ಗುತ್ತದೆ, ಒಳಪದರವು ಕುಗ್ಗುವುದಿಲ್ಲ. ಈ ಎಳೆದಾಟದಿಂದ ಲೋಹವು ಬಿರುಕು ಬಿಡಬಹುದು. ರಾತ್ರಿಯಿಡೀ ಆರಲು ಬಿಟ್ಟು, ಬೆಳಗ್ಗೆ ತೊಳೆಯುವುದೇ ಕ್ಷೇಮ.

ಎರಡನೆಯದು ವಿದ್ಯುತ್ತು. ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. 24 ವೋಲ್ಟು ನಮ್ಮ ಮೈಗೆ ಅಷ್ಟಾಗಿ ಆಘಾತ ಮಾಡದು. ಆದರೆ ಒಂದು ಬ್ಯಾಟರಿಯ ಎರಡು ಅಗ್ರಗಳಿಗೂ ಸ್ಪ್ಯಾನರು ತಾಗಿ, ಒಟ್ಟು ರೋಧವು 0.02 ಓಮ್ ಇದ್ದರೆ 600 ಆಂಪೇರು ಪ್ರವಾಹವು ಹರಿಯುತ್ತದೆ. ಸ್ಪ್ಯಾನರು ಕ್ಷಣಾರ್ಧದಲ್ಲಿ ಸುಡುವಷ್ಟು ಕಾಯುತ್ತದೆ. ಅದರ ಕಿಡಿಯಿಂದ ಬ್ಯಾಟರಿಯ ಹೈಡ್ರೊಜನ್ ಅನಿಲವು ಸಿಡಿಯಲೂಬಹುದು. ಸಾಮಾನ್ಯವಾಗಿ ಋಣಾಗ್ರವು ಲಾರಿಯ ಚೌಕಟ್ಟಿಗೆ ಜೋಡಿಸಲ್ಪಟ್ಟಿರುವುದರಿಂದ ಅದನ್ನೇ ಮೊದಲು ಬಿಚ್ಚಬೇಕು. ಆಗ ಧನಾಗ್ರವನ್ನು ಬಿಚ್ಚುವಾಗ ಸ್ಪ್ಯಾನರು ಚೌಕಟ್ಟಿಗೆ ತಾಗಿದರೂ ಮಂಡಲವು ಪೂರ್ಣವಾಗದು. ಮರಳಿ ಜೋಡಿಸುವಾಗ ಋಣಾಗ್ರವೇ ಕೊನೆಯದು.

ಮೂರನೆಯದು ಇಂಧನ. ಜಿಡ್ಡು ಬೇಗ ಕರಗುವುದೆಂದು ಕೆಲವರು ಪೆಟ್ರೋಲನ್ನು ಬಳಸುತ್ತಾರೆ. ಇದು ಪ್ರಾಣಾಪಾಯದ ಕೆಲಸ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಸೂಸುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ನೆಲವನ್ನು ಹಿಡಿದು ಹರಿದು, ದೂರದ ಒಲೆಯನ್ನೂ ಮುಟ್ಟಬಲ್ಲದು. ಸೀಮೆಎಣ್ಣೆಯನ್ನು ಸಿಂಪಡಿಸಿದರೂ ಅದರ ಸಣ್ಣ ಹನಿಗಳು ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಇವೆರಡಕ್ಕಿಂತ ಸಾಬೂನಿನ ದ್ರಾವಣವೇ ಲೇಸು. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ಹನಿಹನಿಯಾಗಿ ನೀರಿನೊಡನೆ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಕೆಲಸದ ಕ್ರಮವು ತಾನಾಗಿಯೇ ಸ್ಪಷ್ಟವಾಗುತ್ತದೆ. ಸಮನೆಲದಲ್ಲಿ ಲಾರಿಯನ್ನು ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಡಬೇಕು. ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿದ್ದರೆ ಅದರ ಆಸರೆ ಭದ್ರವಾಗಿದೆಯೇ ಎಂದು ನೋಡಬೇಕು. ಎಂಜಿನ್ ಆರಿದ ಬಳಿಕ ಬ್ಯಾಟರಿಯನ್ನು ಬಿಚ್ಚಿ, ಗಾಳಿ ಒಳಹೋಗುವ ಬಾಯಿ, ಆಲ್ಟರ್ನೇಟರು, ವಿದ್ಯುನ್ಮಾನ ಪೆಟ್ಟಿಗೆಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ನೀರು ಸಿಲಿಂಡರಿನೊಳಗೆ ಸೇರಿದರೆ ಪಿಸ್ಟನ್ನು ಅದನ್ನು ಗಾಳಿಯಂತೆ ಅದುಮಲಾರದು. ಕನೆಕ್ಟಿಂಗ್ ರಾಡೇ ಬಾಗೀತು. ಸಾಬೂನು ನೀರನ್ನು ಬ್ರಷ್ಷಿನಿಂದ ಹಚ್ಚಿ, ನೆನೆಯಲು ಬಿಟ್ಟು, ಮೆಲ್ಲಗೆ ನೀರು ಹಾಯಿಸಬೇಕು. ಒತ್ತಡದ ಪಂಪು ಬೇಡ. ಜಿಡ್ಡಿನ ನೀರು ಬಾವಿ, ಚರಂಡಿಗಳನ್ನು ಸೇರದಿರಲಿ. ಹೊದಿಕೆಗಳನ್ನು ತೆಗೆದು, ಎಲ್ಲವೂ ಪೂರ್ಣವಾಗಿ ಒಣಗಿದ ಮೇಲೆಯೇ ಬ್ಯಾಟರಿಯನ್ನು ಜೋಡಿಸಬೇಕು.

ಶಕ್ತಿಗೆ ನಾಶವಿಲ್ಲವೆಂದು ನಾವು ತರಗತಿಯಲ್ಲಿ ಕಲಿಯುತ್ತೇವೆ. ಮನೆಯಂಗಳದಲ್ಲಿ ನಿಂತ ಲಾರಿಗೂ ಆ ಮಾತು ಅನ್ವಯಿಸುತ್ತದೆಂಬುದನ್ನು ಕೊಡ ಎತ್ತುವ ಮುನ್ನ ನೆನೆಯುವುದು ಒಳಿತು.