ಬಾಯಿಯ ಹುಣ್ಣು ಎರಡು ವಾರ ಮೀರಿದರೆ ತಡಮಾಡಬೇಡಿ



ಈ ಪುಟದಲ್ಲಿ ಬೀಜ, ಗೊಬ್ಬರ, ಕೀಟಗಳ ವಿಷಯ ಬರೆಯುವುದು ರೂಢಿ. ಈ ಸಲ ಬಾಯಿಯ ಕ್ಯಾನ್ಸರ್ ರೋಗದ ಬಗ್ಗೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೂ ಬರೆಯಲು ಕಾರಣವುಂಟು.

ಹೋದ ವರ್ಷ ದೇವಾಪುರದ ಕಡೆ ಒಬ್ಬ ಹಿರಿಯರ ಹತ್ತಿ ಹೊಲ ನೋಡಲು ಹೋಗಿದ್ದೆ. ಕಾಯಿ ಒಡೆದು ಹುಳು ತೋರಿಸಿ, ಔಷಧದ ಅಳತೆ ಹೇಳಿದೆ. ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಅವರು ಚಟ್ನಿಯನ್ನು ಬದಿಗೆ ಸರಿಸಿ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡರು. “ಯಾಕ್ರೀ ಕಾಕಾ?” ಎಂದೆ. “ಮೂರು ತಿಂಗಳಾತು ತಮ್ಮಾ, ಗಲ್ಲದಾಗ ಹುಣ್ಣ ಆಗೇದ. ಖಾರ ತಡಿಯವಲ್ದು. ಉಷ್ಣ ಆಗಿರಬೇಕು,” ಎಂದರು. ನಾನೂ “ಹೌದೇನೋ” ಎಂದು ಎದ್ದು ಬಂದೆ. ಹತ್ತಿಕಾಯಿ ಒಡೆದು ನೋಡಿದವನು ಅವರ ಬಾಯಿಯೊಳಗೆ ನೋಡಲಿಲ್ಲ. ಅವರು ದವಾಖಾನೆಗೆ ಹೋಗುವ ಹೊತ್ತಿಗೆ ಗಡ್ಡೆ ಕುತ್ತಿಗೆಗೆ ಇಳಿದಿತ್ತು. ಅಂದು ನನಗೆ ತಿಳಿಯದೆ ಇದ್ದುದನ್ನು ನೀವು ತಿಳಿದಿರಬೇಕೆಂದು ಈ ಪಾಠ.

ರೋಗ ಹೇಗೆ ಹುಟ್ಟುತ್ತದೆ?

ನಮ್ಮ ಶರೀರ ಅತಿ ಸಣ್ಣ ಜೀವಕಣಗಳಿಂದ ಕಟ್ಟಲ್ಪಟ್ಟಿದೆ. ಹಳೆಯ ಕಣ ಸಾಯುತ್ತದೆ, ಹೊಸದು ಲೆಕ್ಕಕ್ಕೆ ತಕ್ಕಷ್ಟೇ ಹುಟ್ಟುತ್ತದೆ. ಈ ಲೆಕ್ಕ ತಪ್ಪಿ ಕೆಲವು ಕಣಗಳು ಕಳೆಯಂತೆ ಮಿತಿಮೀರಿ ಬೆಳೆದರೆ ಅದೇ ಕ್ಯಾನ್ಸರ್. ತಂಬಾಕು-ಸುಣ್ಣ, ಗುಟ್ಕಾ, ಬೀಡಿ, ಮದ್ಯ ಇವು ಬಾಯಿಯಲ್ಲಿ ಅದಕ್ಕೆ ದಾರಿ ಮಾಡುತ್ತವೆ. ತಂಬಾಕು ಹಾಕದ ಬರಿಯ ಅಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿತು. ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ತಾಯಂದಿರೂ ಇದನ್ನು ಗಮನಿಸಬೇಕು.

ಬಾಯಿ ನೋಡಿದರೆ ಜೀವ ಉಳಿಯುವುದೇ?

ಹೊಸ ತಳಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾವು ಒಂದು ತಾಕಿನಲ್ಲಿ ಹೊಸದನ್ನೂ, ಪಕ್ಕದ ತಾಕಿನಲ್ಲಿ ಹಳೆಯದನ್ನೂ ಬಿತ್ತಿ ಎರಡರ ರಾಶಿಯನ್ನು ತೂಗುತ್ತೇವೆ. ವೈದ್ಯರೂ ಹಾಗೆಯೇ ಮಾಡುತ್ತಾರೆ. 1996ರಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳನ್ನು ಆರಿಸಿಕೊಂಡರು. 7 ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ, 35 ವರ್ಷ ದಾಟಿದವರ ಬಾಯಿಯನ್ನು ಬೆಳಕು ಹಿಡಿದು ನೋಡಿದರು. ಉಳಿದ 6ರಲ್ಲಿ ಎಂದಿನಂತೆ ಬಿಟ್ಟರು. 2005ರಲ್ಲಿ ಫಲ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ, ಬಾಯಿ ನೋಡಿದ ಕಡೆ ಈ ರೋಗದ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಚಟವಿಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಬಳಸಿದ್ದು ದೊಡ್ಡ ಯಂತ್ರವಲ್ಲ. ಬೆಳಕು ಮತ್ತು ಎರಡು ಕಣ್ಣು.

ಮನೆಯಲ್ಲಿಯೇ ನೋಡುವ ಕ್ರಮ

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಬಿಸಿಲಿನಲ್ಲಿ ಕನ್ನಡಿ ಹಿಡಿದು, ತುಟಿಯ ಒಳಭಾಗ, ಎರಡೂ ಗಲ್ಲ, ವಸಡು, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಅಂಗುಳ ಇವನ್ನು ನೋಡಿರಿ. ಮುಖ್ಯ ಗುರುತುಗಳು ಇವು:

1. ಎರಡು ವಾರ ಕಳೆದರೂ ಮಾಯದ ಹುಣ್ಣು. ನೋವಿಲ್ಲದಿದ್ದರೂ ಅಸಡ್ಡೆ ಮಾಡಬಾರದು.
2. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ.
3. ಖಾರ ತಡೆಯದ ಉರಿ. ಒಂದರ ಮೇಲೊಂದು ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿರುವುದು.
4. ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ.

ಇವೆಲ್ಲ ಕ್ಯಾನ್ಸರೇ ಎಂದಲ್ಲ. ಆದರೆ ಹೌದೋ ಅಲ್ಲವೋ ಎಂದು ನಿರ್ಣಯಿಸುವುದು ವೈದ್ಯರ ಕೆಲಸ.

ತುಣುಕು ತೆಗೆದರೆ ರೋಗ ಕೆರಳುವುದೇ?

“ಕತ್ತರಿ ತಾಗಿದರೆ ರೋಗ ಹರಡುತ್ತದೆ” ಎಂಬ ಮಾತು ಹಳ್ಳಿಗಳಲ್ಲಿದೆ. ಇದು ತಪ್ಪು. ಹುಣ್ಣಿನಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೋಗ ಖಚಿತವಾಗುತ್ತದೆ. ಮಣ್ಣಿನ ಪರೀಕ್ಷೆಗೆ ಹಿಡಿ ಮಣ್ಣು ತೆಗೆದರೆ ಹೊಲ ಕೆಡುವುದಿಲ್ಲ. ರೋಗ ಹರಡುವುದು ತುಣುಕು ತೆಗೆದುದರಿಂದಲ್ಲ, ತಡಮಾಡಿದುದರಿಂದ.

ಚಿಕಿತ್ಸೆಯಲ್ಲಿ ತಿಳಿದುಬಂದ ಹೊಸ ಸಂಗತಿ

ಬಾಯಿಯ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆ ಸಣ್ಣದಿದ್ದು, ಕುತ್ತಿಗೆಯಲ್ಲಿ ಏನೂ ಕೈಗೆ ಸಿಗದಿದ್ದರೆ ಕುತ್ತಿಗೆಯನ್ನು ಕೊಯ್ಯಬೇಕೇ ಎಂಬ ಚರ್ಚೆ ಬಹುಕಾಲ ಇತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇದನ್ನೂ ಎರಡು ಗುಂಪು ಮಾಡಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಮೊದಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷದ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು. ಗಡ್ಡೆ ಕಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಸುಮಾರು 67 ಮಂದಿ. ಆದಕಾರಣ ವೈದ್ಯರು “ಕುತ್ತಿಗೆಯನ್ನೂ ಶುದ್ಧಮಾಡಬೇಕು” ಎಂದರೆ ಗಾಬರಿಯಾಗಬೇಡಿ. ಕಾರಣ ಕೇಳಿ ತಿಳಿದುಕೊಳ್ಳಿರಿ.

ರೋಗ ಮುಂದುವರಿದಿದ್ದರೆ ಶಸ್ತ್ರಕ್ರಿಯೆಯ ನಂತರ ಕಿರಣ ಚಿಕಿತ್ಸೆ, ಕೆಲವರಿಗೆ ಜೊತೆಗೆ ಔಷಧವೂ ಬೇಕಾಗುತ್ತದೆ. ಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ. ಬಿತ್ತನೆ ಬಂತು, ರಾಶಿ ಬಂತು ಎಂದು ನಡುವೆ ಬಿಟ್ಟು ಬಂದರೆ ಗುಣ ಕಡಿಮೆಯಾಗುತ್ತದೆ. ತೆನೆ ಹಾಲುಗಟ್ಟುವಾಗ ನೀರು ನಿಲ್ಲಿಸಿದ ಭತ್ತದ ಗತಿ ನಿಮಗೇ ಗೊತ್ತು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮೂರ ಆಶಾ ಕಾರ್ಯಕರ್ತೆಗೆ ತಿಳಿಸಿರಿ. 30 ವರ್ಷ ದಾಟಿದವರ ಬಾಯಿ ಪರೀಕ್ಷೆ ಸರಕಾರಿ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ನಂತರ ಸುರಪುರದ ತಾಲೂಕು ಆಸ್ಪತ್ರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲಿದೆ. ಖರ್ಚಿನ ಭಯದಿಂದ ಮನೆಯಲ್ಲಿ ಕೂರಬೇಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಪಡಿತರ ಚೀಟಿ, ಆಧಾರ್, ಸರಕಾರಿ ವೈದ್ಯರ ಪತ್ರ ಇವನ್ನು ಜೊತೆಗಿಟ್ಟುಕೊಳ್ಳಿರಿ.

ತಂಬಾಕು ಬಿಡುವುದೇ ಎಲ್ಲಕ್ಕಿಂತ ಮೇಲಾದ ಔಷಧ. ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ.

ಈಗ ನಾನು ಯಾರ ಹೊಲಕ್ಕೆ ಹೋದರೂ ಬೆಳೆ ನೋಡಿದ ಮೇಲೆ “ಬಾಯಾಗ ಏನರ ಹುಣ್ಣ ಅದಾವೇನ್ರಿ?” ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ, ನಕ್ಕಾಗ ಬಾಯಿ ತೆರೆಯುತ್ತದೆ, ಒಳಗೆ ನೋಡಲು ಅನುಕೂಲ. ಇಂದು ಸಂಜೆ ನೀವೂ ಮನೆಯ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ ನೋಡಿರಿ.

ಪಾಠದ ಪ್ರಶ್ನೆಗಳು: (1) ಎಷ್ಟು ದಿನ ಮೀರಿದ ಹುಣ್ಣನ್ನು ವೈದ್ಯರಿಗೆ ತೋರಿಸಬೇಕು? (2) ತುಣುಕು ಪರೀಕ್ಷೆ ಏಕೆ ಬೇಕು? (3) ನಿಮ್ಮ ಮನೆಯಲ್ಲಿ ತಂಬಾಕು, ಅಡಿಕೆ ಹಾಕುವವರು ಎಷ್ಟು ಮಂದಿ? ಅವರ ಬಾಯಿ ನೋಡಿದಿರಾ?