ಪುರದ ಹೊರಗಿನ ಪೌರರು: ತಿರುಪ್ಪೂರು, ನೊಯ್ಯಲ್ ಮತ್ತು ಕಾಂಗೇಯಂ

'ಪೌರ' ಎಂಬ ಪದ 'ಪುರ'ದಿಂದ ಹುಟ್ಟಿದೆ. ಪುರದಲ್ಲಿ ವಾಸಿಸುವವನು ಪೌರ. ಅವನಿಗೆ ಸಲ್ಲುವುದು ಪೌರಹಕ್ಕು, ಅವನಿಂದ ನಿರೀಕ್ಷಿಸುವುದು ಪೌರಧರ್ಮ. ವ್ಯಾಕರಣಕ್ಕೆ ಇದು ಸರಳವಾದ ತದ್ಧಿತಾಂತ. ಕೈಗಾರಿಕಾ ನಗರದ ಚರಿತ್ರೆಯನ್ನು ಓದುವಾಗ ಮಾತ್ರ ಈ ಪದ ಒಂದು ಪ್ರಶ್ನೆಯನ್ನು ಒಡ್ಡುತ್ತದೆ: ಪುರದ ಎಲ್ಲೆಯಾಚೆ ಇದ್ದು ಪುರದ ಕೊಳೆಯನ್ನು ಅನುಭವಿಸುವವನು ಪೌರನೇ, ಅಲ್ಲವೇ? ಕೊಂಗುನಾಡಿನ ಚರಿತ್ರೆ ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ನಿದರ್ಶನ.

ಈ ಸೀಮೆ ಕನ್ನಡಕ್ಕೆ ಅಪರಿಚಿತವಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗುವವರೆಗೆ ಇದು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇಲ್ಲಿನ ಅನೇಕ ದೇವಾಂಗ ನೇಕಾರ ಕುಟುಂಬಗಳ ಮನೆಮಾತು ಇಂದಿಗೂ ಕನ್ನಡ. ಈರೋಡಿನ ಪುರಸಭೆಯ ಅಧ್ಯಕ್ಷರಾಗಿದ್ದ ಪೆರಿಯಾರ್ ಇ. ವಿ. ರಾಮಸ್ವಾಮಿಯವರದೂ ಕನ್ನಡ ಮನೆಮಾತಿನ ಕುಟುಂಬ.

ಕೊಯಮತ್ತೂರಿಗೆ 1866ರಲ್ಲಿ ಪುರಸಭೆ ಬಂದಿತು. ರಾಬರ್ಟ್ ಸ್ಟೇನ್ಸ್ ಅದರ ಮೊದಲ ಅಧ್ಯಕ್ಷರಾದರು. 1888ರಲ್ಲಿ ಅವರೇ ಅಲ್ಲಿ ನೂಲಿನ ಗಿರಣಿಯನ್ನು ಆರಂಭಿಸಿದರು. ನಗರದ ಆಡಳಿತ ಮತ್ತು ಉದ್ಯಮ ಒಂದೇ ಕೈಯಲ್ಲಿ ಬೆಳೆದುದು ಗಮನಿಸತಕ್ಕ ಸಂಗತಿ. ಸುತ್ತಲ ಕಪ್ಪುಮಣ್ಣಿನಲ್ಲಿ ಹತ್ತಿಯಿತ್ತು. 1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ತಲೆಯೆತ್ತಿದವು. ಅದೇ ವರ್ಷದ ಜನವರಿಯಲ್ಲಿ, ಖಾದಿಯ ಕೇಂದ್ರವಾಗಿದ್ದ ತಿರುಪ್ಪೂರಿನಲ್ಲಿ, ಧ್ವಜವನ್ನು ಬಿಡದೆ ಪೋಲೀಸರ ಏಟು ತಿಂದು ಕುಮಾರನ್ ಪ್ರಾಣಬಿಟ್ಟರು. ಮುಂದೆ ತಿರುಪ್ಪೂರು ಬನಿಯನ್ನಿನ ಊರಾಯಿತು. 1980ರ ದಶಕದಿಂದ ಅದರ ಹೆಣೆದ ಉಡುಪುಗಳು ಹೊರದೇಶಗಳಿಗೆ ಹೇರಳವಾಗಿ ರಫ್ತಾದವು. 2008ರಲ್ಲಿ ಅಲ್ಲಿ ಮಹಾನಗರಪಾಲಿಕೆ ಏರ್ಪಟ್ಟಿತು. 2009ರಲ್ಲಿ ರಚಿತವಾದ ತಿರುಪ್ಪೂರು ಜಿಲ್ಲೆಗೆ ಕಾಂಗೇಯಂ ತಾಲ್ಲೂಕೂ ಸೇರಿತು.

ಬಟ್ಟೆಗೆ ಬಣ್ಣ ಬೇಕು. ಬಣ್ಣ ನೂಲಿಗೆ ಕಚ್ಚಲು ಉಪ್ಪು ಬೇಕು. ಬಣ್ಣದ ಕಾರ್ಖಾನೆಗಳಿಂದ ಹೊರಬಿದ್ದ ನೀರಿನಲ್ಲಿ ಇವೆರಡೂ ಉಳಿಯುತ್ತಿದ್ದವು. ಸಾಧಾರಣ ಶುದ್ಧೀಕರಣದಿಂದ ಬಣ್ಣವನ್ನು ಬಹುಮಟ್ಟಿಗೆ ತೆಗೆಯಬಹುದು, ಕರಗಿದ ಉಪ್ಪನ್ನು ತೆಗೆಯಲಾಗದು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುವ ನೊಯ್ಯಲ್ ನದಿ ಆ ಉಪ್ಪನ್ನು ಹೊತ್ತು ಹರಿಯಿತು. ಕಾಂಗೇಯಂ ಮತ್ತು ಚೆನ್ನಿಮಲೈ ನಡುವಣ ಒರತ್ತುಪಾಳೆಯದಲ್ಲಿ 1992ರಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಕೊಳೆನೀರಿನ ಮಡುವಾಯಿತು. ಸುತ್ತಲ ಬಾವಿಗಳು ಉಪ್ಪಾದವು, ಹೊಲಗಳು ಕೆಟ್ಟವು. ತನ್ನ ಹೆಸರಿನ ಎತ್ತುಗಳಿಗೂ ಹುಲ್ಲುಗಾವಲಿಗೂ ಹೆಸರಾದ ಕಾಂಗೇಯಂ ಸೀಮೆಗೆ ನೀರು ಕೆಡುವುದೆಂದರೆ ಬದುಕೇ ಕೆಡುವುದು.

ನದಿಯ ಕೆಳದಂಡೆಯ ರೈತನಿಗೆ ತಿರುಪ್ಪೂರಿನ ನಗರಾಡಳಿತವನ್ನು ಆರಿಸುವ ಮತವಿರಲಿಲ್ಲ. ಅವನಿಗೆ ಉಳಿದ ದಾರಿ ನ್ಯಾಯಾಲಯ. ನೊಯ್ಯಲ್ ಅಚ್ಚುಕಟ್ಟಿನ ರೈತರ ಸಂಘ ಮದ್ರಾಸ್ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಕೊಳೆನೀರನ್ನು ಒಂದಿಷ್ಟೂ ಹೊರಬಿಡಬಾರದೆಂಬ ನಿಲುವನ್ನು 2006ರಲ್ಲಿ ಆ ನ್ಯಾಯಾಲಯವೂ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಳೆದವು. ಕೆಡಿಸಿದವನೇ ನಷ್ಟವನ್ನು ಭರಿಸಬೇಕೆಂಬ ತತ್ತ್ವ ಅಲ್ಲಿ ಎತ್ತಿಹಿಡಿಯಲ್ಪಟ್ಟಿತು. ಆದೇಶ ಪಾಲನೆಯಾಗದಿದ್ದಾಗ, 2011ರ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸುವ ಆಜ್ಞೆ ಹೊರಟಿತು. ನೂರಾರು ಕಾರ್ಖಾನೆಗಳು ನಿಂತವು. ಅವುಗಳನ್ನೇ ನಂಬಿದ್ದ ಕೂಲಿಕಾರರ ಅನ್ನಕ್ಕೂ ಅದರ ಪೆಟ್ಟು ಬಿದ್ದಿತು. ಒಬ್ಬ ಬಡವನ ಬಾವಿ ಮತ್ತೊಬ್ಬ ಬಡವನ ಕೂಲಿಗೆ ಎದುರು ನಿಲ್ಲುವಂತಾದುದೇ ಈ ಕಥೆಯ ದುರಂತ. ಯಾರೊಬ್ಬರೂ ಇದರಲ್ಲಿ ಸುಲಭವಾಗಿ ಗೆದ್ದವರಲ್ಲ.

ಅಮೆರಿಕದ ಉಕ್ಕಿನ ನಗರ ಕ್ಲೀವ್‌ಲ್ಯಾಂಡಿನಲ್ಲಿ 1969ರ ಜೂನ್ 22ರಂದು ಕುಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಹತ್ತಿತು. ಮೇಯರ್ ಕಾರ್ಲ್ ಸ್ಟೋಕ್ಸ್ ಮರುದಿನವೇ ಪತ್ರಕರ್ತರಿಗೆ ನದಿಯ ದುಃಸ್ಥಿತಿಯನ್ನು ತೋರಿಸಿದರು. ದೇಶದಲ್ಲಿ ಬೆಳೆದ ಇಂಥ ಕಳವಳದ ಫಲವಾಗಿ 1972ರಲ್ಲಿ ಶುದ್ಧ ಜಲ ಕಾಯಿದೆ ರೂಪುಗೊಂಡಿತು. ಎರಡು ನಗರಗಳೂ ಕಲಿಸುವ ಪಾಠ ಒಂದೇ: ನಗರದ ಎಲ್ಲೆಯನ್ನು ನಕ್ಷೆ ಗುರುತಿಸಬಲ್ಲುದು, ನದಿ ಅದನ್ನು ಲೆಕ್ಕಿಸದು.

ಆದುದರಿಂದ ಕೈಗಾರಿಕಾ ನಗರವನ್ನು ಅಭ್ಯಸಿಸುವ ವಿದ್ಯಾರ್ಥಿ ಗಿರಣಿ, ಪುರಸಭೆ, ರಫ್ತುಗಳಲ್ಲಿಯೇ ನಿಲ್ಲದೆ ಹೊಳೆಯ ಕೆಳದಂಡೆಯವರೆಗೂ ನಡೆಯಬೇಕು. ಪುರದಿಂದ ಪೌರನನ್ನು ಸಾಧಿಸಿದ್ದು ವ್ಯಾಕರಣ. ಪುರದ ಹೊರಗಿನವನನ್ನೂ ಆ ಪದದೊಳಗೆ ತಂದುಕೊಳ್ಳುವುದು ಸಮಾಜದ ಕೆಲಸ. ಒರತ್ತುಪಾಳೆಯದ ರೈತರು ಕೇಳಿದ್ದು ಅಷ್ಟನ್ನೇ.