ದರಿಯಾ ದೌಲತ್ತಿನ ಗೋಡೆಯ ಮೇಲಿನ ಉಡುಪು

ಚರಿತ್ರೆಯೆಂದೊಡನೆ ನಮಗೆ ನೆನಪಾಗುವುವು ಯುದ್ಧಗಳು, ಒಪ್ಪಂದಗಳು, ಅವುಗಳ ಇಸವಿಗಳು. ಯುದ್ಧಕ್ಕೆ ಹೋದವನು ಏನನ್ನು ತೊಟ್ಟು ಹೋದನು, ಅದನ್ನು ಹೊಲಿದವರಾರು ಎಂಬ ಪ್ರಶ್ನೆ ಪರೀಕ್ಷೆಯ ಪತ್ರಿಕೆಯಲ್ಲಿ ಬರುವುದಿಲ್ಲವಾದ್ದರಿಂದ ನಾವೂ ಕೇಳಿಕೊಳ್ಳುವುದಿಲ್ಲ. ಆದರೆ ಉಡುಪೂ ಒಂದು ದಾಖಲೆಯೇ. ಇಟಲಿಯ ಫ್ಲಾರೆನ್ಸ್ ನಗರದ ಪಿತ್ತಿ ಅರಮನೆಯಲ್ಲಿ 1983ರಲ್ಲಿ ಉಡುಪಿಗೆಂದೇ ಒಂದು ಸಂಗ್ರಹಾಲಯವನ್ನು ತೆರೆದರು. 1562ರಲ್ಲಿ ತೀರಿಕೊಂಡ ಮೆಡಿಚಿ ಮನೆತನದ ಎಲಿಯನೋರಾ ಎಂಬಾಕೆಯ ಗೋರಿಯಿಂದ ತೆಗೆದ ಉಡುಪು ಆ ಸಂಗ್ರಹದಲ್ಲಿದೆ. ನಮ್ಮ ಹವೆಯಲ್ಲಿ ಹತ್ತಿ ಬಟ್ಟೆ ಅಷ್ಟು ಕಾಲ ಬಾಳುವುದು ಕಷ್ಟ. ಗೆದ್ದಲು, ನುಸಿ, ಮಳೆ ಮೂರೂ ಅದಕ್ಕೆ ಶತ್ರುಗಳು. ಬಟ್ಟೆ ಹೋದಲ್ಲಿ ಬಟ್ಟೆಯ ಚಿತ್ರವಾದರೂ ಉಳಿದಿದೆಯೇ ಎಂದು ಹುಡುಕಬೇಕಾಗುತ್ತದೆ.

ನಾನು ಅಕ್ಕಿಪೇಟೆಯವನು. ತಂದೆಯವರು ದರ್ಜಿ, ತಾಯಿ ಅಂಗಡಿಗಳಿಂದ ಶರ್ಟುಗಳನ್ನು ತಂದು ಮನೆಯಲ್ಲಿ ಕಾಜಾ-ಗುಂಡಿ ಮಾಡಿ ಕೊಡುವರು. ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ. ನಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಕಲಾಸಿಪಾಳ್ಯದ ಬಳಿ, ಟಿಪ್ಪುವಿನ ಬೇಸಿಗೆಯ ಅರಮನೆಯಿದೆ. 1781ರಲ್ಲಿ ಹೈದರನು ಆರಂಭಿಸಿದ ಈ ಕಟ್ಟಡವನ್ನು 1791ರಲ್ಲಿ ಟಿಪ್ಪು ಮುಗಿಸಿದನು. 1799ರ ನಂತರ ಇಂಗ್ಲಿಷರ ಸರ್ಕಾರದ ಕಚೇರಿಗಳು ಅಲ್ಲಿಯೇ ಇದ್ದು, 1868ರಲ್ಲಿ ಅಠಾರಾ ಕಚೇರಿಗೆ ಹೋದವು. ಮರದ ಕಂಬಗಳೂ ಕಮಾನುಗಳೂ ಸೊಗಸಾಗಿವೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬೇಕಾದರೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು.

ಒಂದು ಭಾನುವಾರ ತಾಯಿಯವರನ್ನೂ ಕರೆದುಕೊಂಡು ಮೈಸೂರಿನ ರೈಲು ಹತ್ತಿದೆ. ದಾರಿಯಲ್ಲಿ ಸಿಗುವ ರಾಮನಗರ ಈಗ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದುದು. ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಪ್ರೋತ್ಸಾಹ ಕೊಟ್ಟವನು ಟಿಪ್ಪುವೇ.

ದರಿಯಾ ದೌಲತ್ ಕಟ್ಟಿದುದು 1784ರಲ್ಲಿ. ಎತ್ತರದ ಜಗುಲಿಯ ಮೇಲೆ ತೇಗದ ಕಂಬಗಳ ಕಟ್ಟಡ; ಬಿಸಿಲಿನಿಂದ ಚಿತ್ರಗಳು ಮಾಸದಿರಲೆಂದು ಸುತ್ತಲೂ ಹಸಿರು ಪರದೆಗಳನ್ನು ಇಳಿಬಿಟ್ಟಿದ್ದಾರೆ. ಪಶ್ಚಿಮದ ಗೋಡೆಯ ಒಂದು ಪಕ್ಕದಲ್ಲಿ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆ, ಇನ್ನೊಂದು ಪಕ್ಕದಲ್ಲಿ 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ನಡೆದ ಯುದ್ಧ. ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಆತನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳು. ಇತ್ತ ಟಿಪ್ಪು ಕುದುರೆಯ ಮೇಲೆ ಕುಳಿತು, ತೋಟದಲ್ಲಿ ತಿರುಗಾಡಲು ಬಂದವನಂತೆ ಹೂವನ್ನು ಮೂಸುತ್ತಿದ್ದಾನೆ!

ದರ್ಜಿಯ ಮಗನ ಕಣ್ಣಿಗೆ ಇದು ಎರಡು ಸೈನ್ಯಗಳ ಯುದ್ಧವಾದಂತೆಯೇ ಎರಡು ಬಗೆಯ ಹೊಲಿಗೆಗಳ ಎದುರುಬದುರು ನಿಲುವೂ ಆಗಿ ಕಂಡಿತು. ನಮ್ಮವರ ದರ್ಬಾರಿನ ಉಡುಪು ಜಾಮಾ: ಎದೆಗೆ ಬಿಗಿಯಾಗಿ ಕೂತು, ಸೊಂಟದ ಕೆಳಗೆ ನಿರಿಗೆಯಾಗಿ ಹರಡುವುದು. ಅದಕ್ಕೆ ಗುಂಡಿಯಿಲ್ಲ, ಪಕ್ಕದಲ್ಲಿ ಕಸೆ ಕಟ್ಟುವರು. ನಮ್ಮ ಹಳ್ಳಿಗಳ ಮುದುಕರು ತೊಡುತ್ತಿದ್ದ ಕಸೆ ಅಂಗಿಯೂ ಉತ್ತರ ಕರ್ನಾಟಕದ ಬಾರಾಬಂದಿಯೂ ಇದೇ ಮನೆತನದವು. ಕಸೆಯ ಉಡುಪಿಗೆ ಒಂದು ಗುಣವಿದೆ. ತೊಟ್ಟವನು ದಪ್ಪನಾದರೂ ಸಣ್ಣಗಾದರೂ ಅದು ಹೊಂದಿಕೊಳ್ಳುತ್ತದೆ. ಗುಂಡಿಯ ಕೋಟು ಹಾಗಲ್ಲ. ಅಳತೆ ತಪ್ಪಿದರೆ ತೊಟ್ಟವನನ್ನೇ ಹಿಂಸಿಸುತ್ತದೆ. ಇಂಗ್ಲಿಷರ ಪಟಾಲಮುಗಳಲ್ಲಿ ತೋಳಿನ ತುದಿಯ ಬಣ್ಣ, ಗುಂಡಿಗಳ ನಡುವಿನ ಅಂತರ ಇವುಗಳಿಂದಲೇ ಯಾವ ಪಟಾಲಮಿನವನೆಂದು ಗುರುತು ಹಿಡಿಯುತ್ತಿದ್ದರು. ಟಿಪ್ಪುವಾದರೋ ‘ಬಬ್ರಿ’ ಎಂಬ ಹುಲಿಪಟ್ಟೆಯ ಗುರುತನ್ನು ಸಿಪಾಯಿಯ ಅಂಗಿಯಿಂದ ಬಂದೂಕಿನವರೆಗೆ ಎಲ್ಲದರ ಮೇಲೂ ಹಾಕಿಸಿದನು.

ತಾಯಿಯವರು ಬಹಳ ಹೊತ್ತು ಆ ಕೆಂಪು ಕೋಟುಗಳನ್ನೇ ನೋಡುತ್ತಿದ್ದರು. ಅವರಿಗೆ ಈಚೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಆ ಕೆಲಸ ರಾತ್ರಿ ನನ್ನದು. “ಲೋ, ಇಷ್ಟು ಕೋಟಿಗೂ ಕಾಜಾ ಮಾಡಿದೋರು ಯಾರೋ? ಅದನ್ನೂ ಬರೆದಿದಾರೇನೋ ನೋಡೋ,” ಎಂದರು. ಫಲಕದಲ್ಲಿ ಅದಿರಲಿಲ್ಲ. ನಾನು ಓದಿದ ಯಾವ ಪಠ್ಯದಲ್ಲಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಈ ಚಿತ್ರಗಳು ಮೊದಲಿದ್ದಂತೆಯೇ ಇಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಇವನ್ನು ಸರಿಪಡಿಸಿದನು. ಮತ್ತೆ 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಹೊಸದಾಗಿ ಬಣ್ಣ ಕೊಟ್ಟರು. ಹಾಗಾದರೆ ನಾವು ನೋಡುವುದು 1784ರ ಅಂಗಿಯೋ 1855ರ ಅಂಗಿಯೋ? ಆಕ್ಷೇಪಣೆ ನ್ಯಾಯವಾದುದೇ. ಆದರೆ ತಾಳೆ ನೋಡಲು ಸಾಧನಗಳಿವೆ. ಥಾಮಸ್ ಹಿಕಿ ಎಂಬ ಚಿತ್ರಕಾರನು ಕೋಟೆ ಬಿದ್ದ ಹೊಸದರಲ್ಲಿ ಟಿಪ್ಪುವಿನ ಮಕ್ಕಳನ್ನು ಕಂಡು ಬರೆದ ರೇಖಾಚಿತ್ರಗಳು ಅದೇ ಕಟ್ಟಡದೊಳಗಿವೆ. ಪೊಲ್ಲಿಲೂರಿನ ಚಿತ್ರದ ಹಳೆಯ ಕಾಗದದ ಪ್ರತಿಗಳೂ ಇವೆ. ಹತ್ತು ಹಾಳೆಗಳ, ಸುಮಾರು 32 ಅಡಿ ಉದ್ದದ ಒಂದು ಪ್ರತಿ 2022ರಲ್ಲಿ ಲಂಡನ್ನಿನಲ್ಲಿ 6,30,000 ಪೌಂಡಿಗೆ ಹರಾಜಾಯಿತು. ಗೋಡೆ, ಕಾಗದ, ರೇಖಾಚಿತ್ರ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಕಸೆಯನ್ನೂ ನಿರಿಗೆಯನ್ನೂ ಹೋಲಿಸಬಲ್ಲವರು ಚರಿತ್ರೆಯನ್ನೂ ಬಲ್ಲವರಾಗಬೇಕು, ಕತ್ತರಿಯನ್ನೂ ಹಿಡಿದವರಾಗಿರಬೇಕು. ಅಂಥವರು ನಮ್ಮ ಪೇಟೆಗಳಿಂದಲೇ ಬರಬಹುದೆಂದು ನನಗೆ ಅನಿಸುತ್ತದೆ.

ಟಿಪ್ಪುವಿನ ಬಟ್ಟೆಗಳೇ ಪೂರ್ತಿ ಹಾಳಾದುವೆಂದಲ್ಲ. ಹೂಬಣ್ಣದ ಚೀಟಿ ಬಟ್ಟೆಯ ಅವನ ಡೇರೆ ವೇಲ್ಸ್ ದೇಶದ ಪೋವಿಸ್ ಕೋಟೆಯಲ್ಲಿದೆ. ಆಗ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಅದು ಸೇರಿತು. ಮುಂದೆ ಅವರು ತೋಟದ ಔತಣಗಳಿಗೆ ಅದನ್ನು ಹಾಕಿಸುತ್ತಿದ್ದರಂತೆ. ಅರಸನ ಬಟ್ಟೆ ಹೀಗೆ ಪರದೇಶದಲ್ಲಾದರೂ ಉಳಿಯಿತು. ಬಡವನ ಬಟ್ಟೆ ಹರಿಯುವವರೆಗೆ ಮೈಮೇಲಿದ್ದು, ಆಮೇಲೆ ಕೌದಿಯಾಗಿ, ಕೊನೆಗೆ ಒರೆಸುವ ಅರಿವೆಯಾಗುತ್ತದೆ. ಮಾಗಡಿ ಕಡೆಯವರಾದ ನಮ್ಮ ಅಜ್ಜನವರ ಕಸೆ ಅಂಗಿಗಳೆರಡನ್ನು ಪಾತ್ರೆಯವಳಿಗೆ ಹಾಕಿ ಸ್ಟೀಲಿನ ತಟ್ಟೆ ತೆಗೆದುಕೊಂಡರಂತೆ. ಆ ತಟ್ಟೆಯಲ್ಲಿ ನಾನು ಈಗಲೂ ಉಣ್ಣುತ್ತೇನೆ.

ನಮ್ಮ ಚರಿತ್ರೆಯ ವಿಭಾಗದಲ್ಲಿ ಒಂದು ಗಾಜಿನ ಬೀರು ಖಾಲಿ ಬಿದ್ದಿದೆ. ಗೆಳೆಯರಲ್ಲಿ ಯಾರ ಮನೆಯಲ್ಲಿಯಾದರೂ ಹಳೆಯ ಕಸೆ ಅಂಗಿಯೋ ಬಾರಾಬಂದಿಯೋ ಜರಿಯ ಪೇಟವೋ ಇದ್ದರೆ, ಒಗೆಯದೆ, ಇಸ್ತ್ರಿ ಮಾಡದೆ ಹಾಗೆಯೇ ತಂದುಕೊಡಬೇಕೆಂದು ಬೇಡುತ್ತೇನೆ. ತೊಟ್ಟವರ ಹೆಸರು, ಊರು, ಸುಮಾರಾದ ಇಸವಿ ಇವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೊಲಿದವರ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಮರೆಯದೆ ಬರೆಯಿರಿ.